ಹನ್ನೊಂದು ಸೆಕೆಂಡಿನ ಜಾಗ

ಯಲ್ಲಾಪುರ
4 ನವೆಂಬರ್ 2024

ಅನಂತಮೂರ್ತಿ ಸರ್ ಅವರಿಗೆ,

ನನ್ನ ಹೆಸರು ಶಾಜಿಯಾ. ಯಲ್ಲಾಪುರದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನೀವು ಬರೆದು ಎಲ್ಲರ ಬಳಕೆಗೆ ಬಿಟ್ಟುಕೊಟ್ಟ 'ಉಲಿ' ತಂತ್ರಾಂಶಕ್ಕೆ ಒಂದು ಪ್ಯಾಚ್ ಮಾಡಿದ್ದೇನೆ, ಅಂದರೆ ಅದರ ಸಿ ಭಾಷೆಯ ಕೋಡಿನಲ್ಲಿ ಒಂದಿಷ್ಟು ತಿದ್ದುಪಡಿ. ಎರಡು ಸಲ ಇ-ಮೇಲ್ ಮಾಡಿದೆ, ಉತ್ತರ ಇಲ್ಲ. ಆಮೇಲೆ ನಿಮ್ಮ ಸೂಚನೆಗಳ ಪುಟ ಸಿಕ್ಕಿತು. "ಹೆಗ್ಗರಣೆಯಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಪರದೆಯ ಮೇಲೆ ಓದಿ ತಪ್ಪು ಹಿಡಿಯಲು ನನಗೆ ಬರುವುದೂ ಇಲ್ಲ. ಸಾಲುಗಳಿಗೆ ನಂಬರ್ ಹಾಕಿ, ಎಡಗಡೆ ನಾಲ್ಕು ಬೆರಳು ಜಾಗ ಬಿಟ್ಟು, ಪ್ರಿಂಟ್ ತೆಗೆದು ಅಂಚೆಗೆ ಹಾಕಿ." ಓದಿ ನಕ್ಕುಬಿಟ್ಟೆ, ತಪ್ಪು ತಿಳಿಯಬೇಡಿ. ಆಮೇಲೆ ಪ್ರಿಂಟ್ ತೆಗೆಸಿದೆ.

ನಿಮ್ಮ ನಕ್ಷೆ ನೋಡಿ ಒಂದು ಪೆಟ್ಟಿಗೆ ನಾನೇ ಜೋಡಿಸಿದ್ದೇನೆ. ಮಾತು ನಿಂತುಹೋದವರು ಗುಂಡಿ ಒತ್ತಿದರೆ, ಮೊದಲೇ ರೆಕಾರ್ಡ್ ಮಾಡಿಟ್ಟ ಮಾತು ಅವರದೇ ದನಿಯಲ್ಲಿ ಬರುತ್ತದೆ. ಇದು ನನ್ನ ಅಬ್ಬಾನಿಗೆ. ಹೆಸರು ಚಾಂದ್ ಪಾಷಾ, ಲಾರಿ ಓಡಿಸುತ್ತಾರೆ. ಮೂವತ್ತು ವರ್ಷ ಬಾಯಲ್ಲಿ ತಂಬಾಕು ಇಟ್ಟುಕೊಂಡರು, ಈಗ ಗಂಟಲಿಗೆ ಕ್ಯಾನ್ಸರ್. ಹುಬ್ಬಳ್ಳಿಯ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದಿದ್ದಾರೆ.

ಪೆಟ್ಟಿಗೆಯ ಮೆಮೊರಿಯಲ್ಲಿ ಇಪ್ಪತ್ತು ಮಾತಿಗೆ ಮಾತ್ರ ಜಾಗ. ನಮಗೆ ಇಪ್ಪತ್ತೇಳು ಬೇಕು. ಕೋಡ್ ಓದುತ್ತಾ ಹೋದಾಗ ಒಂದು ಕಡೆ ಇಪ್ಪತ್ತೆರಡು ಸೆಕೆಂಡು ಸುಮ್ಮನೆ ಹೋಗಿರುವುದು ಕಂಡಿತು. ಪೆಟ್ಟಿಗೆ ಆನ್ ಮಾಡಿದ ಕೂಡಲೇ ಯಾರೋ ಹೆಂಗಸು ಚಾ ಕುಡಿಯಲು ಕರೆಯುವ ದನಿ ಬರುತ್ತದಲ್ಲ, ಪಾತ್ರೆ ಸದ್ದಿನ ಸಮೇತ, ಹನ್ನೊಂದು ಸೆಕೆಂಡಿನದು. ಅದನ್ನು ಎರಡು ಪ್ರತಿ ಇಟ್ಟಿದ್ದೀರಿ. ಪಕ್ಕದಲ್ಲಿ "ಸ್ಪೀಕರ್ ಪರೀಕ್ಷೆಗೆ. ತೆಗೆಯಬೇಡಿ" ಎಂದು ಬರೆದಿದೆ. ಯಾವಾಗಲೋ ಹಾಕಿದ್ದು ಮರೆತು ಉಳಿದಿರಬೇಕು. ಸ್ಪೀಕರ್ ಪರೀಕ್ಷೆಗೆ ಒಂದು ಬೀಪ್ ಸಾಕಲ್ಲವೇ? ಪುಟ ಮೂರರಲ್ಲಿ ಅದನ್ನು ತೆಗೆದು ಬೀಪ್ ಹಾಕಿದ್ದೇನೆ. ಉಳಿದ ಜಾಗದಲ್ಲಿ ಏಳು ಮಾತು ಸರಿಯಾಗಿ ಕೂರುತ್ತವೆ.

ನನ್ನ ಪೆಟ್ಟಿಗೆಗೆ ನಾನೇ ಹಾಕಿಕೊಳ್ಳಬಹುದಿತ್ತು, ಯಾರ ಅಪ್ಪಣೆಯೂ ಬೇಡ. ಆದರೆ ನಾನು ಡಿಪ್ಲೊಮಾ ಓದಿದವಳು, ಸಿ ಅಷ್ಟಕ್ಕಷ್ಟೆ. ನನ್ನ ಕೈಯ ಕೋಡನ್ನು ನಂಬಿ ಅಬ್ಬಾನ ಮಾತನ್ನು ಅದರಲ್ಲಿ ಇಡಲು ಧೈರ್ಯ ಬರುತ್ತಿಲ್ಲ. ನೀವು ನೋಡಿ ಸರಿ ಅಂದರೆ ಇಡುತ್ತೇನೆ.

ನಿಮ್ಮ ಉತ್ತರ ಕಾಯುವ,
ಶಾಜಿಯಾ


ಹೆಗ್ಗರಣೆ
12 ನವೆಂಬರ್ 2024

ಶಾಜಿಯಾ ಅವರಿಗೆ,

ಪ್ರಿಂಟು ತಲುಪಿತು. ಎಡಗಡೆ ಬಿಟ್ಟ ಜಾಗ ಮೂರು ಬೆರಳು ಮಾತ್ರ. ನಿಮ್ಮದು ಸಣ್ಣ ಕೈ ಇರಬೇಕು.

ನಾನು ಶಿರಸಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದವನು. ಒಂದು ತಂತಿ ತಪ್ಪು ಕೂತರೆ ಒಂದು ಊರೇ ಮೂಕವಾಗುವುದನ್ನು ಕಂಡಿದ್ದೇನೆ. ಹಾಗಾಗಿ ನನ್ನ ಕೆಂಪು ಶಾಯಿ ನೋಡಿ ಬೇಸರಿಸಬೇಡಿ. ಪದ್ಧತಿ ಒಂದೇ. ಪ್ರತಿ ಟಿಪ್ಪಣಿಗೂ ಉತ್ತರ ಬೇಕು. "ಸರಿಪಡಿಸಿದೆ" ಅನ್ನಿ, ಇಲ್ಲವೇ "ಒಪ್ಪುವುದಿಲ್ಲ, ಕಾರಣ ಇಂಥದ್ದು" ಅನ್ನಿ. ಒಂದಕ್ಕೆ ಸುಮ್ಮನಿದ್ದರೂ ಮುಂದಿನದನ್ನು ನಾನು ಓದುವುದಿಲ್ಲ.

ಸಾಲು 88. ಇದೊಂದನ್ನು ಕೂತು ಓದಿ. ಮಾತಿಡುವ ಇಪ್ಪತ್ತೇಳು ಕೋಣೆಗಳಿಗೆ ಸಂಖ್ಯೆ ಸೊನ್ನೆಯಿಂದ ಇಪ್ಪತ್ತಾರರವರೆಗೆ. ನೀವು ಇಪ್ಪತ್ತೇಳನೇ ಸಂಖ್ಯೆಯನ್ನೂ ಮುಟ್ಟಿದ್ದೀರಿ. ಅಲ್ಲಿ ಕೋಣೆ ಇಲ್ಲ. ಯಾವ ಮಾತು ಎಲ್ಲಿದೆ ಎನ್ನುವ ಪಟ್ಟಿ ಇದೆ. ಇಪ್ಪತ್ತಾರು ಮಾತು ತುಂಬುವವರೆಗೆ ಏನೂ ಆಗುವುದಿಲ್ಲ. ಕೊನೆಯದನ್ನು ತುಂಬಿದ ದಿನ ಪಟ್ಟಿ ಅಳಿಸಿಹೋಗಿ ಎಲ್ಲ ಮಾತೂ ಒಟ್ಟಿಗೆ ಹೋಗುತ್ತವೆ. ಸಿ ಭಾಷೆ ಬೈಯುವುದಿಲ್ಲ, ಎಚ್ಚರಿಸುವುದೂ ಇಲ್ಲ. ಬರೆ ಅಂದಲ್ಲಿ ಬರೆಯುತ್ತದೆ.

ಸಾಲು 112. ಬರೆದದ್ದು ಮೆಮೊರಿ ಚಿಪ್ಪಿನಲ್ಲಿ ಕೂತಿತೋ ಇಲ್ಲವೋ ತಿರುಗಿ ನೋಡಿಲ್ಲ. ನೋಡಿ.

ಸಾಲು 130. ಚೆನ್ನಾಗಿದೆ.

ನಿಮ್ಮ ತಂದೆಯವರ ಶಸ್ತ್ರಚಿಕಿತ್ಸೆ ಯಾವಾಗ?

ಇತಿ,
ಅನಂತಮೂರ್ತಿ


ಯಲ್ಲಾಪುರ
18 ನವೆಂಬರ್ 2024

ಅನಂತಮೂರ್ತಿ ಸರ್ ಅವರಿಗೆ,

ಸಾಲು 88: ಸರಿಪಡಿಸಿದೆ. ಸರ್, ಅದನ್ನು ಓದಿ, ತಿದ್ದುವ ಮೊದಲು ಒಂದು ಪರೀಕ್ಷೆ ಮಾಡಿದೆ. ಬೇಕೆಂದೇ ಇಪ್ಪತ್ತೇಳು ಸುಳ್ಳು ಮಾತು ತುಂಬಿ ನೋಡಿದೆ, ನೀವು ಹೇಳಿದ ಹಾಗೇ ಕೊನೆಯದಕ್ಕೆ ಎಲ್ಲವೂ ಗಪ್ಪಾದವು. ಅಬ್ಬಾನ ಮಾತನ್ನು ತುಂಬಿ ಹೀಗಾಗಿದ್ದರೆ ನಾನು ಯಾರ ಮುಖ ನೋಡುತ್ತಿದ್ದೆ? ಇನ್ನು ಮೇಲೆ ನೀವು ಆಯಿತು ಅನ್ನುವವರೆಗೆ ಪೆಟ್ಟಿಗೆಯಲ್ಲಿ ಒಂದು ಮಾತೂ ಇಡುವುದಿಲ್ಲ. ಇದು ಖಂಡಿತ.

ಸಾಲು 112: ಸರಿಪಡಿಸಿದೆ.

ಸಾಲು 130: ಅಮ್ಮಿಗೆ ಓದಿ ತೋರಿಸಿದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಶೀರಾ ಮಾಡಿದರು.

ಆಪರೇಷನ್ ಡಿಸೆಂಬರ್ 20ಕ್ಕೆ. ಇನ್ನೂ ಒಂದು ತಿಂಗಳಿದೆ. ಮಾತಿನ ಪಟ್ಟಿ ಮಾಡಿದವರು ಅಮ್ಮಿ. ನೀರು ಕೊಡು, ನೋವಾಗ್ತಿದೆ, ಫ್ಯಾನ್ ಹಾಕು, ಡಾಕ್ಟರಿಗೆ ಫೋನ್ ಮಾಡು, ಹೀಗೆ ಇಪ್ಪತ್ತು. ಬದುಕೋದಕ್ಕೆ ಅಷ್ಟು ಸಾಕು. ಮಿಕ್ಕ ಏಳು ನಾನು ಸೇರಿಸಿದ್ದು, ಯಾವ ಉಪಯೋಗಕ್ಕೂ ಬಾರದವು. ಲಾರಿಗೆ ಬೈಯುವ ಒಂದು ಬೈಗುಳ. ಇಪ್ಪತ್ತೆರಡು ವರ್ಷದಿಂದ ಜೊತೆಗೆ ಲಾರಿ ಓಡಿಸುವ ಇಡಗುಂದಿಯ ಚೌಡಣ್ಣನನ್ನು ಕಿಚಾಯಿಸುವ ಒಂದು ಮಾತು. ಅಮ್ಮಿಯನ್ನು "ಖತೀಜಾ ಬೇಗಂ ಸಾಹೇಬಾ" ಎಂದು ನಾಟಕದವರ ಹಾಗೆ ಕರೆಯುವುದು. ಕೊನೆಯದು, ಇಪ್ಪತ್ತೇಳನೆಯದು, ನನ್ನನ್ನು "ಶಜ್ಜೂ" ಎಂದು ಕರೆಯುವುದು. ಬೇರೆ ಯಾರೂ ಹಾಗೆ ಕರೆಯುವುದಿಲ್ಲ.

ಅಷ್ಟರಲ್ಲಿ ಮೊಬೈಲಿಗಾದರೂ ಹೇಳಿಡಿ ಅಂದೆ. "ನಿನ್ನ ಪೆಟ್ಟಿಗೆ ತಯಾರಾಗ್ಲಿ, ಒಂದೇ ಸಲ ಕೂತು ಎಲ್ಲ ಹೇಳ್ತೀನಿ. ಈಗ್ಲೇ ಏನವಸರ, ನಾನೇನು ನಾಳೆ ಸಾಯ್ತೀನೇನು?" ಅಂತಾರೆ. ನಿಜ ಹೇಳಬೇಕೆಂದರೆ ನಾನೂ ಒತ್ತಾಯ ಮಾಡಲಿಲ್ಲ. ಅವರನ್ನು ಕೂರಿಸಿಕೊಂಡು "ನೋವಾಗ್ತಿದೆ ಅನ್ನಿ" ಅನ್ನಲು ನನಗೇ ಆಗುತ್ತಿಲ್ಲ.

ಒಂದು ಮಾತು. ನಿಮ್ಮ ಕೆಂಪು ಶಾಯಿ ಎಲ್ಲ ಪುಟದಲ್ಲೂ ಇದೆ, ಪುಟ ಮೂರರಲ್ಲಿ ಇಲ್ಲ. ಆ ಹೆಂಗಸಿನ ದನಿ ತೆಗೆದ ಪುಟ ಅದು. ಸರಿಯಿದೆ ಅಂತ ತಿಳಿದುಕೊಳ್ಳಲೇ?

ಎಡಗಡೆ ನಾಲ್ಕು ಬೆರಳು ಬಿಟ್ಟಿದ್ದೇನೆ. ಅಬ್ಬಾನ ಬೆರಳಿನಿಂದ ಅಳೆದೆ.

ಶಾಜಿಯಾ


ಹೆಗ್ಗರಣೆ
28 ನವೆಂಬರ್ 2024

ಶಾಜಿಯಾ ಅವರಿಗೆ,

ಎರಡನೇ ಪ್ರತಿ ನೋಡಿದೆ. ತಡವಾಯಿತು.

ಸಾಲು 14. ಸಾಲಿನ ಆರಂಭದಲ್ಲಿ ಟ್ಯಾಬ್ ಬೇಕು, ನಾಲ್ಕು ಸ್ಪೇಸ್ ಹಾಕಿದ್ದೀರಿ. 17, 18, 22, 31ರಲ್ಲೂ ಹಾಗೆಯೇ.

ಸಾಲು 40. ಫಂಕ್ಷನ್ನಿನ ಹೆಸರು ಉದ್ದವಾಯಿತು.

ಸಾಲು 61. ಆವರಣ ಚಿಹ್ನೆ ಮುಂದಿನ ಸಾಲಿಗೆ ಬರಲಿ.

ಸಾಲು 75. ವಿವರಣೆ ಪೂರ್ಣ ವಾಕ್ಯದಲ್ಲಿ ಇರಲಿ.

ಪುಟ ಮೂರು. ಬೀಪ್ ಸಾಲದು. ಸ್ಪೀಕರು ಮನುಷ್ಯರ ದನಿಯನ್ನು ಸರಿಯಾಗಿ ಹೊರಡಿಸುತ್ತದೋ ಇಲ್ಲವೋ ತಿಳಿಯಲು ಮನುಷ್ಯರ ದನಿಯೇ ಬೇಕು. ಎರಡನೆಯ ಪ್ರತಿ ಇರುವುದು, ಮೊದಲನೆಯದು ಕೆಟ್ಟರೆ ಇರಲಿ ಎಂದು. ಈ ಭಾಗವನ್ನು ಹಾಗೇ ಬಿಟ್ಟು, ಬೇರೆ ಕಡೆ ಜಾಗ ಸಿಗುತ್ತದೆಯೇ ನೋಡಿ.

ಇತಿ,
ಅನಂತಮೂರ್ತಿ


ಯಲ್ಲಾಪುರ
3 ಡಿಸೆಂಬರ್ 2024

ಅನಂತಮೂರ್ತಿ ಸರ್ ಅವರಿಗೆ,

ಸಾಲು 14, 17, 18, 22, 31: ಸರಿಪಡಿಸಿದೆ. 40: ಸರಿಪಡಿಸಿದೆ. 61: ಸರಿಪಡಿಸಿದೆ, ಆದರೆ ನಿಮ್ಮದೇ ಕೋಡಿನಲ್ಲಿ ಆವರಣ ಅದೇ ಸಾಲಿನಲ್ಲಿದೆ. 75: ಸರಿಪಡಿಸಿದೆ.

ಪುಟ ಮೂರು: ಒಪ್ಪುವುದಿಲ್ಲ, ಕಾರಣ ಹೇಳುತ್ತೇನೆ. ನಮ್ಮ ಅಂಗಡಿಯಲ್ಲಿ ದಿನಕ್ಕೆ ಹತ್ತು ಸ್ಪೀಕರ್ ಬದಲಾಯಿಸುತ್ತೇನೆ. ಸ್ಪೀಕರ್ ಹರಿದಿದ್ದರೆ ಬೀಪಿನಲ್ಲೇ ಗೊತ್ತಾಗುತ್ತದೆ. ಅಂಗಡಿಯಲ್ಲಿದ್ದ ಆರು ಹಾಳು ಸ್ಪೀಕರ್ ಹಾಕಿ ನೋಡಿದೆ, ಆರನ್ನೂ ಬೀಪ್ ಹಿಡಿಯಿತು. ಬೇರೆ ಕಡೆ ಜಾಗ ಹುಡುಕಿದೆ. ಒಂದು ಸೆಕೆಂಡೂ ಇಲ್ಲ, ನೀವು ಅಷ್ಟು ಬಿಗಿಯಾಗಿ ಬರೆದಿದ್ದೀರಿ.

ಮನುಷ್ಯರ ದನಿಯೇ ಬೇಕೆಂದರೆ ಒಂದು ರಾಜಿ. ಎರಡನೇ ಪ್ರತಿ ತೆಗೆಯೋಣ. ಮೊದಲನೆಯದರಲ್ಲಿ ಆ ಅಮ್ಮ ಕರೆಯುವುದು ಮೂರು ಸೆಕೆಂಡಷ್ಟೆ, ಮಿಕ್ಕಿದ್ದು ಪಾತ್ರೆ ಸದ್ದು, ನಡುವೆ ಯಾರದೋ ಗುಣುಗುಣು. ಆ ಮೂರು ಸೆಕೆಂಡು ಇಟ್ಟು ಮಿಕ್ಕಿದ್ದನ್ನು ಕತ್ತರಿಸಿದರೆ ಆರು ಮಾತಿಗೆ ಜಾಗ ಆಗುತ್ತದೆ. ಲಾರಿಯ ಬೈಗುಳ ಬಿಟ್ಟುಕೊಡುತ್ತೇನೆ. ಎರಡು ಬಗೆಯಲ್ಲೂ ಪ್ಯಾಚ್ ಮಾಡಿ ಕಳಿಸಿದ್ದೇನೆ, ಯಾವುದಾದರೊಂದನ್ನು ಒಪ್ಪಿಕೊಳ್ಳಿ.

ಅಬ್ಬಾನ ದನಿ ಈಗ ಒಡೆಯುತ್ತಿದೆ. ಮೊನ್ನೆ ಚೌಡಣ್ಣ ನೋಡಲು ಬಂದಾಗ ಅರ್ಧ ತಾಸು ಕ್ಲಚ್ಚಿನ ವಿಷಯ ಮಾತಾಡಿದರು, ಆಮೇಲೆ ಎರಡು ದಿನ ಪಿಸುಮಾತು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಕೈಯಲ್ಲಿ ಮೊಬೈಲ್ ಇತ್ತು. ರೆಕಾರ್ಡ್ ಗುಂಡಿ ಒತ್ತಲಿಲ್ಲ.

ದಯವಿಟ್ಟು ಬೇಗ ನೋಡಿ, ಸರ್.

ಶಾಜಿಯಾ


ಹೆಗ್ಗರಣೆ
10 ಡಿಸೆಂಬರ್ 2024

ಶಾಜಿಯಾ ಅವರಿಗೆ,

ಮೂರನೇ ಪ್ರತಿ ಬಂತು. ಕತ್ತರಿಸುವುದು ಆಗದು.

ಈ ಪ್ಯಾಚನ್ನು ಎರಡಾಗಿ ಒಡೆದು ಕಳಿಸಿ. ಜಾಗ ಹೆಚ್ಚಿಸುವುದು ಒಂದು, ದನಿ ತೆಗೆಯುವುದು ಇನ್ನೊಂದು. ಎರಡನೆಯದನ್ನು ಬೇರೆ ಬೇರೆ ಮೂರು ಪೆಟ್ಟಿಗೆಗಳಲ್ಲಿ ಪರೀಕ್ಷಿಸಿ ಫಲಿತಾಂಶ ಬರೆಯಿರಿ. ಇಪ್ಪತ್ತಕ್ಕೆ ಇನ್ನೂ ದಿನವಿದೆ.

ಸಾಲು 22ರಲ್ಲಿ ಇನ್ನೂ ಸ್ಪೇಸ್ ಉಳಿದಿದೆ.

ಇತಿ,
ಅನಂತಮೂರ್ತಿ


ಯಲ್ಲಾಪುರ
21 ಡಿಸೆಂಬರ್ 2024

ಅನಂತಮೂರ್ತಿ ಅವರಿಗೆ,

ನಿಮ್ಮ ಕಾಗದವನ್ನು ನಿನ್ನೆ ಓದಿದೆ. ಅದು ಬಂದ ದಿನ ನಾವು ಹುಬ್ಬಳ್ಳಿಯಲ್ಲಿದ್ದೆವು.

12ನೇ ತಾರೀಕು ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಯಾರದೋ ಆಪರೇಷನ್ ಮುಂದೆ ಹೋಗಿದೆ, ನಾಳೆ ಟೇಬಲ್ ಖಾಲಿ ಇದೆ, ಗಡ್ಡೆ ಬೆಳೆಯುತ್ತಿದೆ, ಇವತ್ತೇ ಬನ್ನಿ ಅಂದರು. ಚೌಡಣ್ಣ ಗಾಡಿ ತಂದ. ದಾರಿಯುದ್ದಕ್ಕೂ ಅಬ್ಬಾ ಚೌಡಣ್ಣನಿಗೆ ರಸ್ತೆ ಹೇಳಿಕೊಡುತ್ತಿದ್ದರು, ಅವನಿಗೆ ಗೊತ್ತಿಲ್ಲದ ರಸ್ತೆಯ ಹಾಗೆ. ವಾರ್ಡಿನಲ್ಲಿ ನಾನು ಮೊಬೈಲ್ ತೆಗೆದೆ. "ಬೆಳಿಗ್ಗೆ ಹೇಳ್ತೀನಿ ಮಾ, ಈಗ ದಣಿವಾಗೇದ" ಅಂದರು. ಒಬ್ಬರನ್ನೇ ಒಳಗಿರಲು ಬಿಡುತ್ತಾರೆ, ಅಮ್ಮಿ ಉಳಿದರು. ಬೆಳಿಗ್ಗೆ ಏಳಕ್ಕೆ ನಾನು ಹೋಗುವಷ್ಟರಲ್ಲಿ ಒಳಗೆ ಕರೆದುಕೊಂಡು ಹೋಗಿದ್ದರು.

ಆಪರೇಷನ್ ಚೆನ್ನಾಗಿ ಆಯಿತು. ಬದುಕುತ್ತಾರೆ. ಮಾತು ಹೋಯಿತು.

ಮೂರು ಪೆಟ್ಟಿಗೆಗಳಲ್ಲಿ ಪರೀಕ್ಷಿಸಲು ನನ್ನ ಹತ್ತಿರ ಇದ್ದದ್ದು ಒಂದೇ. ಪ್ಯಾಚನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ನಿಮ್ಮ ಸಮಯ ಹಾಳು ಮಾಡಿದೆ.

ಸಾಲು 22: ಸರಿಪಡಿಸಿಲ್ಲ.

ಶಾಜಿಯಾ


ಹೆಗ್ಗರಣೆ
2 ಜನವರಿ 2025

ತಂಗಿ ಶಾಜಿಯಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಓದದೆ ಹರಿಯುವ ಹಕ್ಕು ನಿಮಗೂ ಇದೆ.

ಸ್ಪೀಕರ್ ಪರೀಕ್ಷೆ ಅಂದದ್ದು ಸುಳ್ಳು. ಬೀಪ್ ಸಾಕಿತ್ತು. ನಿಮ್ಮ ಪ್ಯಾಚಿನಲ್ಲಿ ನಿಜವಾದ ತಪ್ಪು ಇದ್ದದ್ದು 88 ಮತ್ತು 112ರಲ್ಲಿ ಮಾತ್ರ, ಅವೆರಡನ್ನೂ ನೀವು ನವೆಂಬರ್ 18ರ ಪ್ರತಿಯಲ್ಲೇ ಸರಿಮಾಡಿದ್ದಿರಿ. ಅವತ್ತೇ ಒಪ್ಪಿಗೆ ಬರೆದು ಕಳಿಸಬೇಕಿತ್ತು. ಟ್ಯಾಬು, ಸ್ಪೇಸು, ಆವರಣ ಎಲ್ಲ ನಾನು ದಿನ ದೂಡಲು ಹುಡುಕಿದ ನೆಪ.

ಆ ದನಿ ನನ್ನ ಹೆಂಡತಿ ವಾಣಿಶ್ರೀಯದು. ಏಳು ವರ್ಷದ ಹಿಂದೆ ಮೆದುಳಿಗೆ ಪೆಟ್ಟಾಗಿ ಅವಳ ಮಾತು ನಿಂತಿತು. ಮೂವತ್ತೊಂದು ವರ್ಷ ಊರಿನವರ ಮಾತನ್ನೆಲ್ಲ ದಾಟಿಸಿದ ನನ್ನ ಬಳಿ ಅವಳ ದನಿ ಎಲ್ಲೂ ಇರಲಿಲ್ಲ. ಹುಡುಕಿ ಹುಡುಕಿ ಹಳೆಯ ಮೊಬೈಲಿನಲ್ಲಿ ಹನ್ನೊಂದು ಸೆಕೆಂಡು ಸಿಕ್ಕಿತು. ರೆಕಾರ್ಡ್ ಆಗುತ್ತದೋ ಇಲ್ಲವೋ ಎಂದು ಜಗುಲಿಯಲ್ಲಿ ಕೂತು ನೋಡುತ್ತಿದ್ದೆ, ಆಗ ಅವಳು ಒಳಗಿನಿಂದ ಕರೆದಳು. "ಆಸ್ರಿಗೆ ಇಟ್ಟಿದ್ದಿ, ಆರಿ ಹೋಗ್ತು, ಬನ್ನಿ." ಚಾ ಇಟ್ಟಿದ್ದೇನೆ, ಆರುತ್ತದೆ ಎಂದು. ಆಮೇಲೆ ಕೇಳುವ ಗುಣುಗುಣು ನನ್ನದು. "ಬಂದಿ, ಬಂದಿ" ಅನ್ನುತ್ತೇನೆ. ಕೊನೆಗೆ ಸೌಟು ಇಡುವ ಸದ್ದಿನೊಳಗೆ ಅವಳು ಗೊಣಗುತ್ತಾಳೆ, ಕಿವಿಗೊಟ್ಟರೆ ಮಾತ್ರ ತಿಳಿಯುತ್ತದೆ: "ಬಂದಿ ಬಂದಿ ಹೇಳ್ತ್ರಿ, ಬತ್ರಿಲ್ಲೆ." ಬಂದೆ ಬಂದೆ ಅನ್ನುತ್ತೀರಿ, ಬರುವುದಿಲ್ಲ ಎಂದು. ಅವತ್ತು ನಾನು ಏಳಲಿಲ್ಲ. ಚಾ ಆರಿತು. ಹಾಗಾಗಿ ಕತ್ತರಿಸಲು ಆಗಲಿಲ್ಲ.

ಆ ಮಾತು ಹಾಕಲೆಂದೇ ಮೊದಲ ಪೆಟ್ಟಿಗೆ ಮಾಡಿದೆ. ಆಮೇಲಿನ ನಾಲ್ಕು ವರ್ಷ ಚಾ ಮಾಡಿದವನು ನಾನು. ಮಾಡಿಟ್ಟು ಜಗುಲಿಗೆ ಹೋಗಿ ಕೂರುತ್ತಿದ್ದೆ. ಅವಳು ಗುಂಡಿ ಒತ್ತಿ ಕರೆಯುತ್ತಿದ್ದಳು. ನಾನು ಒಂದು ದಿನವೂ ತಡಮಾಡದೆ ಎದ್ದು ಹೋಗುತ್ತಿದ್ದೆ. ಅವಳು ತೀರಿಕೊಂಡ ಮೇಲೆ ಕೋಡನ್ನು ಎಲ್ಲರಿಗೂ ಬಿಟ್ಟಾಗ ಆ ದನಿಯನ್ನು ಒಳಗೇ ಇಟ್ಟೆ, ಹೆಸರು ಹೇಳದೆ. ಮೂವತ್ತೆಂಟು ಪೆಟ್ಟಿಗೆ ಆಗಿದೆ ಎಂದು ಜನ ಬರೆದು ತಿಳಿಸಿದ್ದಾರೆ. ದಿನಾ ಬೆಳಿಗ್ಗೆ ಮೂವತ್ತೆಂಟು ಮನೆಯಲ್ಲಿ ಅವಳು ಚಾಕ್ಕೆ ಕರೆಯುತ್ತಾಳೆ ಎಂದು ನೆನೆದು ನಾನು ಏಳುತ್ತಿದ್ದೆ. ನನ್ನ ಹತ್ತಿರ ಪ್ರತಿ ಇಲ್ಲವೆಂದಲ್ಲ. ಅವಳು ಬೇರೆಯವರ ಮನೆಯಲ್ಲಿ ಮಾತಾಡುವುದು ನಿಂತುಹೋಗುತ್ತದಲ್ಲ, ಅದನ್ನು ತಡೆಯಲಾಗಲಿಲ್ಲ.

ನೀವು "ಯಾರೋ ಹೆಂಗಸು" ಎಂದು ಬರೆದಿರಿ. ತಪ್ಪು ನಿಮ್ಮದಲ್ಲ, ಹೆಸರು ಬರೆಯದವನು ನಾನು. ಆದರೂ ಸಿಟ್ಟು ಬಂತು. ಸತ್ತವಳ ದನಿಗಾಗಿ ಬದುಕಿರುವವರ ದನಿಯನ್ನು ಕಳೆದೆ. "ಇನ್ನೂ ದಿನವಿದೆ" ಎಂದು ಬರೆದ ಕೈ ಇದೇ. ಬಂದಿ ಬಂದಿ ಅನ್ನುತ್ತಾ ಕೂತವನು ಮತ್ತೊಮ್ಮೆ ಕೂತೆ.

ನಿನ್ನೆ ಶಿರಸಿಗೆ ಹೋಗಿ ನಿಮ್ಮ ಪ್ಯಾಚನ್ನು ಸೇರಿಸಿ ಬಂದೆ. ಮೊದಲನೆಯ ಬಗೆಯದನ್ನೇ, ದನಿ ಪೂರ್ತಿ ತೆಗೆದದ್ದನ್ನು. ಬರೆದವರು ಶಾಜಿಯಾ ಎಂದಿದೆ. ನೀವು ಹಿಂದಕ್ಕೆ ತೆಗೆದುಕೊಂಡದ್ದನ್ನು ಕೇಳದೆ ಸೇರಿಸಿದೆ, ಅದೂ ತಪ್ಪೇ. ಆದರೆ ಇನ್ನು ಯಾರ ಇಪ್ಪತ್ತೇಳನೇ ಮಾತಿಗೂ ನಾನು ಅಡ್ಡ ಕೂರಬಾರದು.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ಉತ್ತರಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ.

ಅನಂತಮೂರ್ತಿ


ಯಲ್ಲಾಪುರ
24 ಫೆಬ್ರವರಿ 2025

ಅನಂತಮೂರ್ತಿ ಸರ್ ಅವರಿಗೆ,

ನಿಮ್ಮ ಕಾಗದ ಹರಿಯಲಿಲ್ಲ. ಒಂದು ತಿಂಗಳು ಅಂಗಡಿಯ ಡ್ರಾವರಿನಲ್ಲಿ ಹಾಳು ಬ್ಯಾಟರಿಗಳ ಕೆಳಗೆ ಇತ್ತು. ಓದಿದ ದಿನ ಸಿಟ್ಟಿನಲ್ಲಿ ನಿಮಗೆ ಏನೇನೋ ಬರೆದೆ, ಅದನ್ನು ಹರಿದೆ. ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ. ಮೊಬೈಲ್ ನನ್ನ ಕೈಯಲ್ಲೇ ಇತ್ತು, ಅದರ ಗುಂಡಿ ಒತ್ತಲು ಯಾರ ಕೆಂಪು ಶಾಯಿಯೂ ಬೇಕಿರಲಿಲ್ಲ.

ಅಬ್ಬಾ ಮನೆಗೆ ಬಂದಿದ್ದಾರೆ. ಕುತ್ತಿಗೆಯಲ್ಲಿ ತೂತಿದೆ, ಅದರ ಮೇಲೊಂದು ಬಟ್ಟೆ. ಸ್ಲೇಟಿನಲ್ಲಿ ಬರೆಯುತ್ತಾರೆ, ಅವರ ಅಕ್ಷರ ಚೌಡಣ್ಣನಿಗೆ ಮಾತ್ರ ತಿಳಿಯುತ್ತದೆ.

ಪೆಟ್ಟಿಗೆ ಖಾಲಿ ಇರುವುದನ್ನು ನೋಡಲಾಗದೆ ನನ್ನ ಮೊಬೈಲನ್ನೆಲ್ಲ ಜಾಲಾಡಿದೆ. ಲಾರಿಯಿಂದ ಅಬ್ಬಾ ಕಳಿಸಿದ್ದ ಏಳು ವಾಯ್ಸ್ ಮೆಸೇಜು ಸಿಕ್ಕವು. ಉಳಿದವು ಹಳೆಯ ಮೊಬೈಲಿನ ಜೊತೆ ಹೋಗಿವೆ. ಮನೆಯಲ್ಲಿ ನಾವು ಉರ್ದು ಮಾತಾಡುತ್ತೇವೆ, ಆದರೆ ಲಾರಿಯಲ್ಲಿ ಪಕ್ಕದಲ್ಲಿ ಚೌಡಣ್ಣ ಇರುತ್ತಿದ್ದ, ಅವನೆದುರು ಗುಟ್ಟು ಬೇಡವೆಂದು ಅಬ್ಬಾ ಕನ್ನಡದಲ್ಲೇ ಹೇಳುತ್ತಿದ್ದರು. "ಹಲೋ, ಸಿಲಿಂಡರ್ ಬಂತೇನು?" ಒಂದು. "ಟಯರ್ ಪಂಚರ್ ಆಗೇದ, ಏನ್ ಮಾಡೂದು" ಇನ್ನೊಂದು. "ಘಟ್ಟ ಇಳಿದೀನಿ. ನಾ ಬರೂದು ತಡ ಆಗ್ತದ. ಉಂಡು ಮಲ್ಕೊಳ್ರಿ, ಕಾಯ್ಕೋತ ಕೂಡಬ್ಯಾಡ್ರಿ" ಮತ್ತೊಂದು. ಏಳರಲ್ಲಿ ಒಂದರಲ್ಲೂ ನನ್ನ ಹೆಸರಿಲ್ಲ. ಯಾವಾಗಲೂ "ಹಲೋ" ಎಂದೇ ಶುರು.

ಏಳನ್ನೂ ಪೆಟ್ಟಿಗೆಗೆ ಹಾಕಿದೆ. ಅವುಗಳಲ್ಲೇ ಸಂಸಾರ ನಡೆಯುತ್ತಿದೆ. ನೋವಾದರೆ "ಟಯರ್ ಪಂಚರ್ ಆಗೇದ" ಒತ್ತುತ್ತಾರೆ. ಹಸಿವಾದರೆ ಸಿಲಿಂಡರು. ಅಮ್ಮಿ ಅಳುತ್ತಾ ಕೂತಿದ್ದರೆ "ಉಂಡು ಮಲ್ಕೊಳ್ರಿ" ಒತ್ತುತ್ತಾರೆ, ಅಮ್ಮಿ ನಿಜವಾಗಿಯೂ ಎದ್ದು ಊಟ ಮಾಡುತ್ತಾರೆ. ಇಪ್ಪತ್ತೇಳಕ್ಕೆ ಜಾಗ ಮಾಡಿದೆವು, ಸರ್. ಏಳು ತುಂಬಿದೆ.

ಇನ್ನೊಂದು ಹೇಳಬೇಕು. ನಾನು ಜೋಡಿಸಿದ ಪೆಟ್ಟಿಗೆಯಲ್ಲಿ ಮೊದಲು ನಿಮ್ಮ ಹಳೆಯ ಕೋಡೇ ಇತ್ತು. ಅಬ್ಬಾ ಬೆಳಿಗ್ಗೆ ಎದ್ದು ಆನ್ ಮಾಡಿದರೆ ವಾಣಿಶ್ರೀ ಅಮ್ಮ ಚಾಕ್ಕೆ ಕರೆಯುತ್ತಿದ್ದರು. ಅಬ್ಬಾ ಅಡಿಗೆಮನೆ ಕಡೆ ತಿರುಗಿ ನೋಡುತ್ತಿದ್ದರು, ಅಮ್ಮಿ ಚಾ ತರುತ್ತಿದ್ದರು. ಇದು ರೂಢಿಯಾಗಿತ್ತು, ನಾನು ಗಮನಿಸಿರಲಿಲ್ಲ. ಹೋದ ವಾರ ನೀವು ಸೇರಿಸಿದ ಹೊಸ ಕೋಡ್ ಹಾಕಿದೆ. ಬೀಪ್ ಬಂತು. ಅಬ್ಬಾ ಆಫ್ ಮಾಡಿ ಆನ್ ಮಾಡಿದರು. ಮೂರು ಸಲ. ಆಮೇಲೆ ಸ್ಲೇಟು ತೆಗೆದುಕೊಂಡು, ನನಗೂ ಓದಲು ಬರುವಷ್ಟು ದೊಡ್ಡದಾಗಿ ಬರೆದರು: "ಆ ಅಮ್ಮ ಎಲ್ಲಿ?"

ಅದಕ್ಕೆ ಈ ಪ್ಯಾಚ್. ಇಪ್ಪತ್ತೇ ಸಾಲು. ಆ ಹನ್ನೊಂದು ಸೆಕೆಂಡನ್ನು ವಾಪಸ್ ಇಟ್ಟಿದ್ದೇನೆ, ಒಂದೇ ಪ್ರತಿ, ಕತ್ತರಿಸದೆ. ನಿಮ್ಮ "ಬಂದಿ ಬಂದಿ"ಯೂ ಇದೆ. ಸಾಲು 12ರಲ್ಲಿ "ಸ್ಪೀಕರ್ ಪರೀಕ್ಷೆಗೆ" ಎಂಬುದನ್ನು ಅಳಿಸಿ "ವಾಣಿಶ್ರೀ, ಹೆಗ್ಗರಣೆ" ಎಂದು ಬರೆದಿದ್ದೇನೆ. ಸಾಲು 13ರಲ್ಲಿ "ತೆಗೆಯಬೇಡಿ" ಹಾಗೇ ಇದೆ.

ಇದು ಕ್ಷಮೆಯಲ್ಲ. ಅಬ್ಬಾ ಕೇಳಿದರು, ಮಾಡಿದೆ. ಎಲ್ಲ ಸಾಲಿಗೂ ಟ್ಯಾಬ್ ಹಾಕಿದ್ದೇನೆ, ನೋಡಿಕೊಳ್ಳಿ.

ಶಾಜಿಯಾ


ಹೆಗ್ಗರಣೆ
1 ಮಾರ್ಚ್ 2025

ತಂಗಿ ಶಾಜಿಯಾ,

ಪ್ರಿಂಟು ನಿನ್ನೆ ಮಧ್ಯಾಹ್ನ ಬಂತು. ನಿನ್ನೆಯೇ ಓದಿದೆ, ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ.

ಸಾಲು 1ರಿಂದ 11: ತಿದ್ದುವಂಥದ್ದೇನಿಲ್ಲ.

ಸಾಲು 12: ಅವಳ ಹೆಸರನ್ನು ಅಚ್ಚಿನಲ್ಲಿ ನೋಡಿದ್ದು ಮದುವೆ ಕಾಗದದ ನಂತರ ಇದೇ ಮೊದಲು.

ಸಾಲು 13: ಇಲ್ಲಿ ಒಂದು ತಿದ್ದುಪಡಿ ಇದೆ. "ತೆಗೆಯಬೇಡಿ" ಎಂಬುದನ್ನು ಅಳಿಸಿ. ಅದರ ಜಾಗದಲ್ಲಿ ಹೀಗೆ ಬರೆಯಿರಿ: "ಬದುಕಿರುವ ಯಾರ ಮಾತಿಗಾದರೂ ಜಾಗ ಬೇಕಾದರೆ ಇದನ್ನು ತೆಗೆಯಿರಿ. ಯಾರನ್ನೂ ಕೇಳಬೇಡಿ."

ಸಾಲು 14ರಿಂದ 20: ಸರಿಯಾಗಿದೆ.

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವಳು ಚಾಕ್ಕೆ ಸಕ್ಕರೆ ತುಸು ಹೆಚ್ಚೇ ಹಾಕುತ್ತಿದ್ದಳು ಎಂದೂ ಹೇಳಿ.

ಅನಂತಮೂರ್ತಿ


ಯಲ್ಲಾಪುರ
7 ಮಾರ್ಚ್ 2025

ಅನಂತಮೂರ್ತಿ ಸರ್ ಅವರಿಗೆ,

ಸಾಲು 13: ಸರಿಪಡಿಸಿದೆ.

ನಿಮ್ಮ ಕಾಗದಗಳನ್ನು ಅಬ್ಬಾನಿಗೆ ಪೂರ್ತಿ ಓದಿ ಹೇಳಿದೆ, ಡಿಸೆಂಬರಿನದನ್ನೂ ಜನವರಿಯದನ್ನೂ ಸೇರಿಸಿ. ಮುಚ್ಚಿಡಬಾರದು ಅನ್ನಿಸಿತು. ನಿಮಗೆ ಏನು ಬರೆಯಲಿ ಎಂದು ಕೇಳಿ ಸ್ಲೇಟು ಕೊಟ್ಟೆ. ಸ್ಲೇಟು ಬದಿಗಿಟ್ಟು ಪೆಟ್ಟಿಗೆ ಎಳೆದುಕೊಂಡರು. ಏಳರ ಮೇಲೂ ಬೆರಳಾಡಿಸಿ ಒಂದನ್ನು ಒತ್ತಿದರು, ನನ್ನ ಮುಖ ನೋಡಿ ಅದನ್ನೇ ಮತ್ತೊಮ್ಮೆ ಒತ್ತಿದರು. ಅವರ ಉತ್ತರವನ್ನು ಹಾಗೇ ಬರೆಯುತ್ತಿದ್ದೇನೆ, ಇದು ನಮ್ಮಿಬ್ಬರಿಗೂ ಇರಬೇಕು:

"ಘಟ್ಟ ಇಳಿದೀನಿ. ನಾ ಬರೂದು ತಡ ಆಗ್ತದ. ಉಂಡು ಮಲ್ಕೊಳ್ರಿ, ಕಾಯ್ಕೋತ ಕೂಡಬ್ಯಾಡ್ರಿ."

ಶಾಜಿಯಾ